ಜವಾಬ ಮತ್ತು ಜಬಾಬ

ಸಾಹೇಬರ ಭಾಷಣಗಳನ್ನು ಮರಾಠಿಯಿಂದ ಕನ್ನಡಕ್ಕೆ ತರುವ ಕೆಲಸ ನನಗೆ ಬಂದದ್ದು ಜೂನ್ ತಿಂಗಳ ಎರಡನೆಯ ಸೋಮವಾರ. ಆಗ ನಾನು ಕೊಲ್ಲಾಪುರದ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದೆ. ದಿನಾ ಇಚಲಕರಂಜಿಯಿಂದ ಬಸ್ಸಿನಲ್ಲಿ ಹೋಗಿ ಬರುವುದು. ಸಾಹೇಬರೆಂದರೆ ಹಿಂದೆ ನಮ್ಮ ಕಡೆಯಿಂದ ವಿಧಾನಸಭೆಗೆ ಆರಿಸಿ ಹೋಗಿದ್ದವರು. ಈಗ ವಯಸ್ಸಾಗಿ ಗಡಹಿಂಗ್ಲಜದಲ್ಲಿ ಇದ್ದರು. ಗಡಿಯ ಕನ್ನಡ ಊರುಗಳಿಗೆ ಹಂಚಲು ಅವರ ಭಾಷಣಗಳ ಪುಸ್ತಕ ಬೇಕಾಗಿತ್ತು. ಕಾಗದಪತ್ರ ತಂದುಕೊಟ್ಟವರು ಅವರ ಪಿ.ಎ.

"ಕಡೇ ಪುಟದಾಗ 'ಮೂಲದ ಕೂಡ ತಾಳೆ ನೋಡೇನಿ, ಎಲ್ಲಾ ಬರೋಬರಿ ಐತಿ' ಅಂತ ಒಂದು ಮಾತು ಇರತೈತಿ," ಎಂದರು. "ಅದರ ಕೆಳಗ ನಿನ್ನ ಹೆಸರು, ನಿನ್ನ ಸಹಿ."

ನನ್ನ ಹೆಸರಿರುವ ಮೊದಲ ಪುಸ್ತಕ. ಅಪ್ಪ ಮಗ್ಗದ ಶೆಡ್ಡಿನಲ್ಲಿ ಅಂದೇ ಎಲ್ಲರಿಗೂ ಹೇಳಿಬಿಟ್ಟರು. ಅಲ್ಲಿ ದುಡಿಯುವ ಅರ್ಧ ಮಂದಿ ನಮ್ಮ ಹಾಗೆ ಕರ್ನಾಟಕದ ಕಡೆಯಿಂದ ಬಂದವರು. ಮರಾಠಿ ಆಡುತ್ತಾರೆ, ಓದುವುದು ಕಷ್ಟ. ಕನ್ನಡದಲ್ಲಿ ನಾನು ಏನು ಬರೆಯುತ್ತೇನೋ ಅದೇ ಅವರ ಪಾಲಿಗೆ ಸಾಹೇಬರ ಮಾತು. ಅದಕ್ಕೇ ಆ ಸಹಿ ನನಗೆ ಭಾರವಾಯಿತು. ತಪ್ಪಾದರೆ ಅಪ್ಪ ನಾಳೆ ಅದೇ ಶೆಡ್ಡಿಗೆ ಹೋಗಬೇಕು.

ದಿನಚರಿಯ ಹಿಂಬದಿಯಲ್ಲಿ ಗೆರೆ ಹೊಡೆದು ನಾಲ್ಕು ಅಂಕಣ ಮಾಡಿದೆ: ವಾರ, ಪುಟ, ಮಾತು, ಸಂಶಯ. ಭಾಷಣ ಒಟ್ಟು ಹದಿನಾಲ್ಕು. ಮೊದಲ ವಾರ ಒಂಬತ್ತು ಸಂಶಯ, ಅದರಲ್ಲಿ ಏಳು ಪರಿಹಾರ. ಒಂದು ಭಾಷಣದಲ್ಲಿ ಸಾಹೇಬರು, ಪಕ್ಷ ಬಿಟ್ಟವರ ಮೇಲೆ ತೀರ್ಪು ಕೊಡುವ ಅಧಿಕಾರ ಒಂದು ಪಕ್ಷದಿಂದಲೇ ಗೆದ್ದುಬಂದ ಸಭಾಧ್ಯಕ್ಷರ ಕೈಯಲ್ಲಿ ಇರಬಾರದು, ಅದಕ್ಕೆ ಸಂವಿಧಾನ ತಿದ್ದಬೇಕು ಎಂದು ವಾದಿಸಿದ್ದರು. ಇನ್ನೊಂದರಲ್ಲಿ, ಉತ್ತರ ಸಿಗದ ಪ್ರಶ್ನೆಗಳು ಅಧಿವೇಶನ ಮುಗಿದ ಕೂಡಲೇ ಸತ್ತುಹೋಗುವುದೇಕೆ ಎಂದು ಕೇಳಿದ್ದರು. ಓದುತ್ತ ಅವರ ಮೇಲೆ ಗೌರವ ಹುಟ್ಟಿತು. ಗೌರವ ಹುಟ್ಟಿದ್ದಕ್ಕೇ ಇನ್ನೊಮ್ಮೆ ತಾಳೆ ನೋಡಿದೆ.

ಮೂವತ್ತೇಳನೆಯ ಪುಟಕ್ಕೆ ಬಂದಾಗ ನಿಂತೆ. ಅದು ಸಾಹೇಬರ ಹೆಸರುವಾಸಿ ಮಾತು. ಚುನಾವಣೆಯಲ್ಲಿ ಕಾಗಲದ ಹೆದ್ದಾರಿಯ ಬದಿಗೆಲ್ಲ ಅದೇ ಫಲಕ: 'ಮಾತು ತಪ್ಪಿದ ಮಂತ್ರಿಯ ಜಬಾಬ ನೋಂದಿಸಿ!' ಮರಾಠಿಯಲ್ಲಿ ಜಬಾಬ ಎಂದರೆ ಪೊಲೀಸರು ಠಾಣೆಯಲ್ಲಿ ಕೂರಿಸಿ ಬರೆದುಕೊಳ್ಳುವ ಹೇಳಿಕೆ. ಮಂತ್ರಿಯನ್ನು ಠಾಣೆಗೆ ಕರೆಸಿ ಎಂದವರು ಎಂದೇ ಜನ ಅವರನ್ನು ನೆನಪಿಟ್ಟುಕೊಂಡಿದ್ದರು. ಆದರೆ ನನ್ನ ಬಳಿಯಿದ್ದ ಸದನದ ಕಡತದಲ್ಲಿ ಆ ಮಾತಿನ ಮೇಲೆ ಕಂಸದೊಳಗೆ ಸಣ್ಣ ಅಕ್ಷರದಲ್ಲಿ ಹೀಗಿತ್ತು: ಸದಸ್ಯರು ಇಲ್ಲಿ ಕನ್ನಡದಲ್ಲಿ ಮಾತನಾಡಿದರು, ಮರಾಠಿ ಪಾಠ ಅವರ ಕಚೇರಿಯಿಂದ.

ಅಂದರೆ ಅವರು ಕನ್ನಡದಲ್ಲೇ ಆಡಿದ ಮಾತನ್ನು ನಾನು ಮರಾಠಿಯಿಂದ ಮತ್ತೆ ಕನ್ನಡ ಮಾಡಬೇಕು. ಆ ಭಾಷಣದ ಧ್ವನಿಮುದ್ರಣ ಕೊಡಿ ಎಂದು ಪಿ.ಎ.ಯವರನ್ನು ಕೇಳಿದೆ.

"ಮರಾಠಿ ಐತೆಲ್ಲ, ಅದನ್ನಽ ಕನ್ನಡಾ ಮಾಡು."

"ಸಾಹೇಬ್ರು ಕನ್ನಡದಾಗಽ ಅಂದಾರಲ್ರಿ. ಅವರ ಮಾತಽ ಹಾಕೂಣು."

"ಕಾಯ ಗ, ಎವ್ಢಾ ಸಂಶಯ? ಇಷ್ಟ್ಯಾಕ ಸಂಶಯ ನಿನಗ? ನೀ ಕರಡು ತಿದ್ದಾಕಿ ಏನ ಫೌಜದಾರ?"

ಮೂರು ದಿನ, ಮೂರು ಸಲ ಕೇಳಿದೆ. ನಾಲ್ಕನೆಯ ದಿನ ಒಂದು ಪೆನ್‌ಡ್ರೈವ್ ನನ್ನ ಮೇಜಿನ ಮೇಲಿತ್ತು. ಇಷ್ಟು ಸುಲಭವಾಗಿ ಯಾಕೆ ಕೊಟ್ಟರು ಎಂದು ಸಂಶಯದ ಅಂಕಣದಲ್ಲಿ ಬರೆದುಕೊಂಡೆ.

ಮನೆಗೆ ಹೋಗುವ ಬಸ್ಸಿನಲ್ಲಿ ಕಿವಿಗೆ ತಂತಿ ಸಿಕ್ಕಿಸಿಕೊಂಡು ಹನ್ನೊಂದು ಸಲ ಕೇಳಿದೆ. ಸದನದ ಗದ್ದಲದ ನಡುವೆ ಸಾಹೇಬರ ಧ್ವನಿ: "ಮಂತ್ರಿಗೋಳು ಇಲ್ಲಿ ನಿಂತು ಮಾತು ಕೊಡ್ತಾರ. ಮಂದಿ ಕೇಳಿದ್ರ ಜವಾಬ ಕೊಡಬೇಕ್ರಿ. ಜವಾಬ ಬರದು ಇಡಬೇಕು. ಅಷ್ಟಽ ಕಾಯ್ದೇದಾಗ ಬರೀರಿ."

ಜವಾಬ. ನಮ್ಮ ಮನೆಯ ಮಾತಿನಲ್ಲಿ ಅದು ಬರೀ ಉತ್ತರ. ಓದುತ್ತ ಕೂತಾಗ ಅವ್ವ ಒಳಗಿನಿಂದ, "ಅವಾಗಿಂದ ಕರಿಯಾಕತ್ತೇನಿ, ಜವಾಬ ಕೊಡಾಕ ಆಗೂದಿಲ್ಲೇನ?" ಎಂದು ಕೂಗುತ್ತಾಳಲ್ಲ, ಅದೇ. ಕಚೇರಿಯ ಯಾರೋ ಮರಾಠಿ ಕಿವಿಯವರು ಅದನ್ನು ಜಬಾಬ ಎಂದು ಕೇಳಿಸಿಕೊಂಡಿದ್ದಾರೆ. 'ಬರೆದು ಇಡಬೇಕು' ಎಂಬುದು 'ನೋಂದಿಸಬೇಕು' ಆಗಿದೆ. ಉತ್ತರ ಕೊಡಿ ಎಂದದ್ದು ಠಾಣೆಗೆ ಎಳೆಯಿರಿ ಎಂದಾಯಿತು. ಯಾರೂ ಬೇಕೆಂದು ಸುಳ್ಳು ಬರೆದಿರಲಿಕ್ಕಿಲ್ಲ. ಆದರೆ ಇಷ್ಟು ವರ್ಷ ಯಾರೂ ಯಾಕೆ ತಿದ್ದಲಿಲ್ಲ?

ಭಾನುವಾರ ಗಡಹಿಂಗ್ಲಜಕ್ಕೆ ಹೋದೆ. ಸಾಹೇಬರು ಪಡಸಾಲೆಯಲ್ಲಿ ಕೂತಿದ್ದರು. ಪಿ.ಎ. ನನಗಿಂತ ಮೊದಲೇ ಬಂದಿದ್ದರು. ನಾನು ಹೋಗುವುದನ್ನು ಅವರಿಗೆ ಹೇಳಿರಲಿಲ್ಲ.

ಸಾಹೇಬರು ಧ್ವನಿಮುದ್ರಣ ಕೇಳಿ, "ಆವಾಗ ಗಂಟಲಾ ಗಟ್ಟಿ ಇತ್ತು ನಂದು," ಎಂದರು.

"ಮರಾಠಿ ಪಾಠ ತಿದ್ದಾಕ ನಿಮ್ಮ ಕಡೆ ಬಂದಿತ್ತೇನ್ರಿ?"

"ಬಂದಿತ್ತು."

"ಓದಿದ್ರಿ?"

ಅವರು ಚಹಾದ ಬಟ್ಟಲನ್ನು ಸ್ವಲ್ಪ ಆಚೆ ಸರಿಸಿದರು. "ಓದೂದರಾಗಽ ಪೇಪರದಾಗ ದೊಡ್ಡ ಅಕ್ಷರದಾಗ ಬಂದಬಿಟ್ಟಿತ್ತು ತಂಗಿ. ಮಂದಿ ಹಾರ ತಗೊಂಡು ಬಾಗಲಿಗೆ ಬಂದಿದ್ರು. ಆಮ್ಯಾಲೆ ಓದಿದೆ."

"ಹಾರ ಹಾಕ್ಕೊಂಡ ಮ್ಯಾಲ?"

"ಹೌದವಾ. ಕೊರಳಾಗ ಹಾರ ಇದ್ದಾಗ ತಲಿ ಬಗ್ಗಿಸಿ ಓದಾಕ ಬರೂದಿಲ್ಲ." ನಕ್ಕರು. ನಾನು ನಗಲಿಲ್ಲ. ಆ ನಗು ನನ್ನನ್ನು ಸುಮ್ಮನಾಗಿಸಲಿಕ್ಕೆ ಇರಬಹುದು ಅನ್ನಿಸಿತು.

"ತಿದ್ದಿ ಹಾಕಿದ್ರಽ ಸಹಿ ಮಾಡ್ತೀನ್ರಿ," ಎಂದೆ. "ಇಲ್ಲಾಂದ್ರ ನನ್ನ ಹೆಸರು ಬ್ಯಾಡ."

ಪಿ.ಎ. ಎದ್ದು ನಿಂತರು. "ಸಾಹೇಬ್ರ, ಆ ಒಂದ ಮಾತಿಗೆ ಮಂದಿ ನಿಮ್ಮನ್ನ ಗುರ್ತ ಹಿಡೀತಾರ. ಅದನ್ನಽ ತಗದ್ರ ಏನ ಉಳೀತು?"

"ಇನ್ನೂ ಹದಿಮೂರು ಭಾಷಣ ಉಳೀತಾವಲ್ರಿ," ಎಂದೆ.

ಸಾಹೇಬರು ಕರಡನ್ನು ತಮ್ಮ ಕಡೆ ಎಳೆದುಕೊಂಡರು. ಆಮೇಲೆ ಪೆನ್ನು ಇಸಿದುಕೊಂಡು, ಕರಡಿನ ಅಂಚಿನಲ್ಲಿ ತಾವು ಆಡಿದ್ದ ನಾಲ್ಕು ಮಾತನ್ನು ಬರೆದರು. ಹಿಂದಿನ ಮರಾಠಿ ಪಾಠ ತಪ್ಪು ಎಂದೂ ಕೆಳಗೆ ಸೇರಿಸಿದರು. ಆ ಹಾಳೆಯ ಫೋಟೊ ತೆಗೆದುಕೊಂಡೆ. ಪಿ.ಎ. ನೋಡಿ ಸಣ್ಣಗೆ ನಕ್ಕರು. ಅದನ್ನೂ ಬರೆದುಕೊಂಡೆ.

ಮುಂದಿನ ಹನ್ನೆರಡು ದಿನ ಪ್ರತಿ ಪುಟವನ್ನು ಮೂರು ಸಲ ನೋಡಿದೆ. ಅಕ್ಷರ ಜೋಡಿಸುವವನು ಊಟಕ್ಕೆ ಹೋದಾಗ ಅವನ ಕಂಪ್ಯೂಟರಿನಲ್ಲಿ ಮೂವತ್ತೇಳನೆಯ ಪುಟ ತೆರೆದು, ಯಾರಾದರೂ ಬದಲಿಸಿದ್ದಾರೆಯೇ ಎಂದು ಐದು ಸಲ ಪರೀಕ್ಷಿಸಿದೆ. ಯಾರೂ ಮುಟ್ಟಿರಲಿಲ್ಲ. ಸಹಿ ಮಾಡಿದೆ.

ಅದರ ಮುಂದಿನ ಶುಕ್ರವಾರ ಪುಸ್ತಕ ಬಂತು. ಮುಖಪುಟದಲ್ಲಿ ಸಾಹೇಬರು ಕೈ ಎತ್ತಿದ ಚಿತ್ರ, ಅದರ ಕೆಳಗೆ ಕೆಂಪು ಅಕ್ಷರ: 'ಮಾತು ತಪ್ಪಿದ ಮಂತ್ರಿಯ ಜಬಾಬ ನೋಂದಿಸಿ!'

ನನ್ನ ಪಟ್ಟಿ ಒಂದನೆಯ ಪುಟದಿಂದ ಶುರುವಾಗಿತ್ತು. ಮುಖಪುಟ ಬೇರೆ ಕಡೆ ಅಚ್ಚಾಗುತ್ತದೆ. ಅದನ್ನು ತೋರಿಸಿ ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ. ಪಿ.ಎ.ಗೆ ಫೋನು ಮಾಡಿದರೆ ತಣ್ಣಗೆ, "ಮುಖಪುಟ ಅನುವಾದ ಅಲ್ಲಲ್ಲ," ಎಂದರು.

ಅಪ್ಪ ಆ ಸಂಜೆಯೇ ಪುಸ್ತಕವನ್ನೂ ನನ್ನನ್ನೂ ಶೆಡ್ಡಿಗೆ ಕರೆದುಕೊಂಡು ಹೋದರು. ಚಹಾದ ಹೊತ್ತು, ಎರಡು ಮಗ್ಗ ನಿಂತಿದ್ದವು. ಅಪ್ಪನ ಜೊತೆಯ ಹಿರಿಯ ನೇಕಾರ ಕಾಕಾ ಬೆರಳಿಟ್ಟು ನಿಧಾನವಾಗಿ ಮುಖಪುಟ ಓದಿದರು. ಅಪ್ಪ ಹೆಮ್ಮೆಯಿಂದ ತೆರೆದುಕೊಟ್ಟ ಮೂವತ್ತೇಳನೆಯ ಪುಟವನ್ನೂ, ಕಡೆಗೆ ನನ್ನ ಸಹಿಯನ್ನೂ ನೋಡಿದರು.

"ಹೊರಗೊಂದು ಐತಿ, ಒಳಗೊಂದು ಐತಿ. ಖರೇ ಯಾವ್ದು ತಂಗಿ?"

"ಒಳಗಿಂದ್ರಿ ಕಾಕಾ."

"ಹಂಗಾರ ನಿನ್ನ ಸಹಿ ಹೊರಗಿಂದಕ್ಕ ಹತ್ತೂದಿಲ್ಲೇನ?"

"ಏ, ಆಕೀದೇನು ತಪ್ಪೋ ಮಾರಾಯಾ," ಎಂದರು ಅಪ್ಪ. ಆದರೆ ಅವರೂ ನನ್ನ ಮುಖವನ್ನೇ ನೋಡುತ್ತಿದ್ದರು.

ಮುಖಪುಟ ಅನುವಾದ ಅಲ್ಲ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. "ಹತ್ತತೈತ್ರಿ," ಎಂದೆ.

ಶನಿವಾರ ಮೊದಲ ಬಸ್ಸಿಗೆ ಕೊಲ್ಲಾಪುರಕ್ಕೆ ಹೋದೆ. ಆಜರಾ ಊರಿಗೆ ಕಳಿಸುವ ಪುಸ್ತಕದ ಕಟ್ಟುಗಳು ಆಗಲೇ ಹೋಗಿದ್ದವು: ನಾಲ್ಕು. ಸುಳಕೂಡ, ಗಡಹಿಂಗ್ಲಜದ ಕಡೆಯ ಒಂಬತ್ತು ಕಟ್ಟು ಇನ್ನೂ ಮುದ್ರಣಾಲಯದ ಬಾಗಿಲಲ್ಲೇ ಇದ್ದವು. ಅವುಗಳ ಪಕ್ಕದಲ್ಲಿ ನಿಂತು ಫೋನು ಹಚ್ಚಿದೆ. ಈ ಸಲ ಪಿ.ಎ.ಗೆ ಅಲ್ಲ, ಸಾಹೇಬರಿಗೆ. ಮುಖಪುಟದ ಮಾತನ್ನು ಓದಿ ಹೇಳಿದೆ. ಅವರಿಗೆ ಮೊದಲೇ ಗೊತ್ತಿತ್ತೋ ಇಲ್ಲವೋ, ಇವತ್ತಿಗೂ ನನಗೆ ಗೊತ್ತಿಲ್ಲ. "ಮುಖಪುಟ ಹರದು ಕಳಸ್ರಿ. ಆಜರಾದ್ದೂ ತಿರುಗಿ ತರಸ್ರಿ," ಎಂದರು.

"ಒಂದ್ ನಿಮಿಷ ತಡೀರಿ ಸಾಹೇಬ್ರ," ಎಂದು ಒಳಗೆ ಓಡಿ ಮುದ್ರಣಾಲಯದ ಮಾಲಕರ ಕಿವಿಗೆ ಫೋನು ಹಿಡಿದೆ. "ಈಗ ಇವರಿಗೂ ಅದನ್ನಽ ಹೇಳ್ರಿ."