ಗಿಣಿಯ ಮೊದಲ ಮಾತು

ನನ್ನ ಅಕ್ಕ ದರ್ಜಿ. ಅವಳ ಮಗಳಿಗೆ ತೊಟ್ಟಿಲಲ್ಲಿದ್ದಾಗಲೇ ಗಿಣಿ ಎಂದು ಅಡ್ಡಹೆಸರಿಟ್ಟವಳು ನಾನು. ಈ ಗಿಣಿಗೆ ಮಾತು ಬರುವುದಿಲ್ಲ, ಕೈಕಾಲು ಹೇಳಿದಂತೆ ಕೇಳುವುದಿಲ್ಲ ಎಂದು ಆಮೇಲೆ ಗೊತ್ತಾಯಿತು. ಬೇರೆ ಹೆಸರಿಂದ ಕರೆಯೋಣವೇ ಎಂದರೆ ಅಕ್ಕ ಸಿಡಿದಳು: "ಯಾಕೆ? ಒಂದಿನ ಮಾತಾಡೇ ಆಡ್ತಾಳೆ."

ಆ ಒಂದು ದಿನಕ್ಕಾಗಿ, ಮಗಳ ಪರವಾಗಿ ಮಾತಾಡುವ ಕಂಪ್ಯೂಟರ್ ಹುಡುಕಿ ಅವಳು ಅಲೆದ ಅಲೆದಾಟವೇ! ಒಂದು ಸಾಫ್ಟ್‌ವೇರಿಗೆ ಮೌಸ್ ಹಿಡಿಯುವ ಬೆರಳು ಬೇಕು. ಇನ್ನೊಂದರಲ್ಲಿ ಪರದೆಯನ್ನು ಥಟ್ಟನೆ ಮುಟ್ಟಬೇಕು. ನಮ್ಮ ಹುಡುಗಿಯ ಕೈ ತಲುಪುವಷ್ಟರಲ್ಲಿ ಚಿತ್ರವೇ ಬದಲಾಗಿರುತ್ತದೆ. ಮತ್ತೊಂದಕ್ಕೆ ನಮ್ಮ ಭಾಷೆಯೇ ಬಾರದು. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಜನ ಆಡಿಕೊಂಡರು. "ಇವಳಿಗೆ ಇದೆಲ್ಲ ಅರ್ಥ ಆಗಲ್ಲ ಬಿಡಿ" ಎಂದ ಅಂಗಡಿಯವನಿಗೆ ನಾನು ಅಂದದ್ದನ್ನು ಇಲ್ಲಿ ಬರೆಯುವಂತಿಲ್ಲ.

ಕೊನೆಗೆ ದಾರಿ ತೋರಿಸಿದವನು ಕಂಪ್ಯೂಟರ್ ರಿಪೇರಿಯವನು. ಅವನು ಹುಡುಕಿಕೊಟ್ಟದ್ದರಲ್ಲಿ ಪರದೆಯ ಮೇಲೆ ಆರು ಚೌಕ, ಒಂದೊಂದರಲ್ಲೂ ಒಂದು ಪದದ ಚಿತ್ರ. ಬೆಳಕು ನಿಧಾನವಾಗಿ ಒಂದರಿಂದ ಒಂದಕ್ಕೆ ಸರಿಯುತ್ತದೆ. ಬೇಕಾದಲ್ಲಿಗೆ ಬಂದಾಗ ಗುಂಡಿ ಒತ್ತಿದರೆ ಕಂಪ್ಯೂಟರ್ ಆ ಪದ ಹೇಳುತ್ತದೆ. ಗಿಣಿಯ ಮಾತು ಕೇಳುವುದು ಎಡ ಮೊಣಕಾಲು ಒಂದೇ. ಅವನು ಕರೆಗಂಟೆಯ ಗುಂಡಿಗೆ ತಂತಿ ಬೆಸೆದು ಆ ಮೊಣಕಾಲಿನ ಪಕ್ಕ ಕಟ್ಟಿದ. ಧ್ವನಿ ನಾವೇ ಕೊಡಬೇಕಿತ್ತು. ಅಕ್ಕ ಹೊಲಿಗೆ ಯಂತ್ರ ನಿಲ್ಲಿಸಿ, ಕಿಟಕಿ ಮುಚ್ಚಿ, ಒಂದೊಂದಾಗಿ ಹೇಳಿದಳು: ಅಮ್ಮ, ನೀರು, ಊಟ, ಹಾಡು, ನೋವು, ನಿದ್ದೆ.

"ಮೊದಲು ನನ್ನನ್ನೇ ಕರೀತಾಳೆ, ನೋಡ್ತಿರು" ಎಂದು ಬೀಗಿದಳು.

"ಊಟ ಅಂತಾಳೆ. ನಿನ್ನ ಮಗಳಲ್ವಾ?" ಎಂದೆ.

ಗಿಣಿಯನ್ನು ಕುರ್ಚಿಯಲ್ಲಿ ಕೂರಿಸಿದೆವು. ಎಂದಿನಂತೆ ರಂಪ ಶುರುವಾಯಿತು. ಕುರ್ಚಿ ಎಂದರೆ ಅವಳಿಗೆ ಆಗದು. ಬೆನ್ನು ನೆಟ್ಟಗಿರಬೇಕೆಂದು ಡಾಕ್ಟರು ಹೇಳಿದ್ದರಿಂದ, "ಹಟಮಾರಿ" ಎಂದು ಗದರಿ ಬೆಲ್ಟ್ ಬಿಗಿಯುವುದು ಅಕ್ಕನ ವಾಡಿಕೆ. ಅಳು ತಗ್ಗಿದ ಮೇಲೆ ಬೆಳಕು ಸರಿಯತೊಡಗಿತು. ಅಮ್ಮನನ್ನು ದಾಟಿತು. ನೀರು, ಊಟ, ಹಾಡು ದಾಟಿತು. ಮೊಣಕಾಲು ಅಲುಗಿತು.

"ನೋವು" ಎಂದಿತು ಕಂಪ್ಯೂಟರ್, ಅಕ್ಕನ ದನಿಯಲ್ಲಿ.

"ಅಯ್ಯೋ, ತಪ್ಪಿ ಒತ್ತಿದ್ಲು" ಎಂದು ನಾನು ನಕ್ಕೆ. ಬೆಳಕು ಇನ್ನೊಂದು ಸುತ್ತು ಬಂತು. ನೋವು. ಮತ್ತೊಂದು ಸುತ್ತು. ನೋವು. ಅಕ್ಕ ಗಡಬಡಿಸಿ ಬೆಲ್ಟ್ ಬಿಚ್ಚಿದಳು. ತಲೆಯಿಂದ ಒಂದೊಂದೇ ಕಡೆ ಮುಟ್ಟುತ್ತ, "ಇಲ್ಲೇನೇ? ಇಲ್ಲೇನಮ್ಮಾ?" ಎಂದು ಕೇಳುತ್ತ ಬಂದಳು. ಕೈ ಬಲ ಸೊಂಟಕ್ಕೆ ಬಂದದ್ದೇ ತಡ, ಮಗು ಬೆಳಕಿಗೂ ಕಾಯದೆ ಗುಂಡಿ ಒತ್ತುತ್ತಲೇ ಹೋಯಿತು. ಯಂತ್ರ ಊಟ, ನಿದ್ದೆ, ಹಾಡು ಎಂದು ಸಿಕ್ಕಿದ್ದೆಲ್ಲ ಕೂಗಿತು.

ಎಕ್ಸ್‌ರೇ ನೋಡಿದ ಡಾಕ್ಟರು, ತೊಡೆಯ ಮೂಳೆ ಕೀಲು ಬಿಟ್ಟು ಜಾರಿ ವರ್ಷಗಳೇ ಆಗಿವೆ ಎಂದರು. ಇಂಥ ಮಕ್ಕಳಲ್ಲಿ ಅದು ಮೆಲ್ಲಗೆ ಜಾರುತ್ತದಂತೆ. ಈಗ ಅದನ್ನು ಸರಿಯಾಗಿ ಕೂರಿಸುವ ಕಾಲ ಮೀರಿದೆ, ನೋವು ಕಡಿಮೆ ಮಾಡಬಹುದು, ಅಷ್ಟೇ.

ಹೊರಗಿನ ಬೆಂಚಿನ ಮೇಲೆ ಅಕ್ಕ ಮಗಳನ್ನು ಮಡಿಲಲ್ಲಿ ಮಲಗಿಸಿಕೊಂಡಿದ್ದಳು. ಕಣ್ಣೊರೆಸಿಕೊಳ್ಳಲೂ ಇಲ್ಲ.

"ಇಷ್ಟು ವರ್ಷ ಅತ್ತಿದ್ದೆಲ್ಲ ಮಾತೇ ಅಲ್ವೇನೇ? ದಿನಾ ಹೇಳ್ತಾನೇ ಇದ್ಲು. ನಾನು ಬೆಲ್ಟ್ ಬಿಗೀತಿದ್ದೆ."