ಹಾಲವ್ವನ ಕಂಬಳಿಯ ನಾತ

ಗಡಿನಾಡಿನ ಕುಣಿಕೋಣೂರಿನ ಹಾಲವ್ವನಿಗೆ ಬರಬೇಕಾದ ಒಂದು ಬಾಕಿ ಇನ್ನೂ ಸಂದಿಲ್ಲ. ರೊಕ್ಕದ ಬಾಕಿಯಲ್ಲ. ನಾತದ ಬಾಕಿ. ಅವಳ ಕಂಬಳಿಯ ನಾತ.

ಮೂಗು ಮುರಿಯಬೇಡಿ, ಓದಿ.

ಹಾಲವ್ವ ಕುರಿ ಕಾಯುವವಳು. ಹುಟ್ಟಿದ್ದೇ ದಾರಿಯಲ್ಲಿ, ಕೃಷ್ಣಾ ದಂಡೆಯ ಯಾರದೋ ಕಬ್ಬಿನ ಹೊಲದ ಬದುವಿನ ಮೇಲೆ. ಅದು ಯಾವ ಊರೆಂದು ಹೆತ್ತ ಅವ್ವನಿಗೂ ಗೊತ್ತಿರಲಿಲ್ಲ. ಹೆರುವಾಗ ಊರಿನ ಕಲ್ಲು ಓದಿಕೊಂಡು ಕೂಡಲಿಕ್ಕೆ ಪುರಸೊತ್ತು ಯಾರಿಗಿದೆ? ಪ್ರತಿವರ್ಷ ದೀಪಾವಳಿ ಮುಗಿದ ಮೇಲೆ ಗಂಡ ಬೀರದೇವ, ಕುದುರೆ, ನಾಯಿ, ಕುರಿ ಎಲ್ಲ ಕಟ್ಟಿಕೊಂಡು ಅದೇ ದಂಡೆಗೆ ಇಳಿಯುತ್ತಾಳೆ. ಮಳೆ ಹಿಡಿದ ಮೇಲೆ ಊರಿಗೆ ಏರುತ್ತಾಳೆ. ಮೇವಿನ ಹಕ್ಕಿಗಾಗಿ ಮೋರ್ಚಾ ಹೋದಾಗ ನಾವೆಲ್ಲ ಗಂಟಲು ಹರಿಯುವಂತೆ ಘೋಷಣೆ ಕೂಗಿದೆವು. ಅವಳು ಬಾಯಿ ತೆರೆಯಲಿಲ್ಲ, ಕುರಿಗಳನ್ನು ಕಚೇರಿಯ ಸಾಹೇಬರ ಹೂದೋಟಕ್ಕೆ ಬಿಟ್ಟಳು. ಅರ್ಜಿಯನ್ನು ಅಲ್ಲೇ ತೆಗೆದುಕೊಂಡರು.

ಕಂಬಳಿ ಅವಳ ಅತ್ತೆಯ ಕಾಲದ್ದು. ದಾರಿಯಲ್ಲಿ ಹುಟ್ಟಿದ ಮರಿಗಳನ್ನೆಲ್ಲ ಅದರಲ್ಲೇ ಸುತ್ತಿ ಹೊತ್ತದ್ದು. ಹಾಲು, ಉಚ್ಚೆ, ಹಿಕ್ಕೆ, ಬೆವರು, ಒಲೆಯ ಹೊಗೆ ಎಲ್ಲ ಅದರೊಳಗೆ ಕೂತಿತ್ತು. ತೊಳೆಯುವ ಪದ್ಧತಿಯಿಲ್ಲ. ಯಾಕೆಂದರೆ ತಾಯಿ ಸತ್ತ ಮರಿಯನ್ನು ಬೇರೆ ಕುರಿ ಮೂಸಿ ನೋಡಿ ಒದೆಯುತ್ತದೆ. ಹಾಲವ್ವ ಆ ಮರಿಯನ್ನೂ ಕುರಿಯ ಸ್ವಂತ ಮರಿಯನ್ನೂ ಒಟ್ಟಿಗೆ ಕಂಬಳಿಯಲ್ಲಿ ಹೊರಳಾಡಿಸಿ ಬಿಡುತ್ತಾಳೆ. ಎರಡಕ್ಕೂ ಒಂದೇ ನಾತ. ಕುರಿ ಗೊಂದಲಕ್ಕೆ ಬಿದ್ದು ಎರಡಕ್ಕೂ ಹಾಲು ಕೊಡುತ್ತದೆ.

ಈ ಮಳೆಗಾಲದಲ್ಲಿ ಯಳವಿ ಊರಿನ ಪ್ರಾಜಕ್ತಾ ಬಂದಳು. ಮುಂಬಯಿಯಲ್ಲಿ ಚಿತ್ರಕಲೆ ಕಲಿತ ಹುಡುಗಿ. ವಲಸೆ, ನೆನಪು, ನಾವು ಯಾರು ಎಂಬುದರ ಮೇಲೆ ಸಾಂಗಲಿಯಲ್ಲಿ ಒಂದು ಪ್ರದರ್ಶನ ಇಡುವವಳಿದ್ದಳು.

"ಆಯೀ, ಅರ್ಧ ವರ್ಷ ಅಲ್ಲಿ, ಅರ್ಧ ವರ್ಷ ಇಲ್ಲಿ. ನಿಮ್ಮನ್ನ ನೀವು ಮರಾಠಿ ಅಂತೀರೋ, ಕನ್ನಡ ಅಂತೀರೋ?"

"ಕುರಿಗೆ ನಾ ಕನ್ನಡದಾಗ ಬೈತೀನಿ. ಕಬ್ಬಿನ ಮಾಲಕ ನನಗ ಮರಾಠಿಯೊಳಗ ಬೈತಾನ. ಎರಡೂ ತಿಳೀತಾವ."

ಪ್ರಾಜಕ್ತಾಗೆ ಕಂಬಳಿ ಬೇಕಾಗಿತ್ತು. ಕತ್ತಲೆ ಕೋಣೆಯಲ್ಲಿ ಅದನ್ನು ತೂಗುಹಾಕುವುದು, ಬಂದವರು ಅದರೊಳಗೆ ತಲೆ ತೂರಿಸಿ ಮೂಸುವುದು, ವಲಸೆಯ ನೆನಪು ಮೂಗಿನಿಂದ ಏರುವುದು. ಅದೇ ಅವಳ ಕಲೆ. ಪೂರಾ ಹುಚ್ಚಲ್ಲ, ಅರ್ಧ ಸರಿಯಾಗೇ ಇದೆ.

"ಒಯ್ಯಿ. ದೀಪಾವಳಿ ಒಳಗ ತಿರುಗಿ ಕೊಡು," ಎಂದಳು ಹಾಲವ್ವ. ಬೀರದೇವ ಅದನ್ನು ಗಂಟುಕಟ್ಟಿ, ಯಾಕೋ ಎರಡು ದಿನ ತಡ ಮಾಡಿ, ಬಸ್ಸಿಗೆ ಹಾಕಿ ಬಂದ.

ದೀಪಾವಳಿಗೆ ಒಂದು ವಾರವಿರುವಾಗ ಒಂದು ಕುರಿ ಮರಿ ಹಾಕಿ ಸತ್ತಿತು. ಮರಿ ಉಳಿಯಿತು. ಹಾಲಿಲ್ಲದ ಮರಿ ದಾರಿ ನಡೆಯುವುದಿಲ್ಲ, ಯಾವ ಕುರಿಯೂ ಅದನ್ನು ಹತ್ತಿರ ಸೇರಿಸಲಿಲ್ಲ. ಹಾಲವ್ವ ಮರಿಯನ್ನು ಬಗಲಲ್ಲಿಟ್ಟುಕೊಂಡು, ಗಂಡನನ್ನು ಎಳೆದುಕೊಂಡು ಸಾಂಗಲಿಗೆ ಹೊರಟಳು. ಬಸ್ಸಿನಲ್ಲಿ ಕಂಡಕ್ಟರ ಮರಿಗೂ ತಿಕೀಟು ಕೇಳಿದ.

"ಅದರ ಅವ್ವ ಸತ್ತಾಳಪಾ. ನೀ ಹಾಲು ಕೊಡ್ತೀನಂದ್ರ ತಿಕೀಟು ತಗೀತೀನಿ."

ಅವನು ಮುಂದಿನ ಸೀಟಿಗೆ ಹೋದ.

ಕತ್ತಲೆ ಕೋಣೆಯ ಮುಂದೆ ಮಂದಿ ಪಾಳಿ ಹಚ್ಚಿ ನಿಂತಿದ್ದರು. ಜುಬ್ಬಾದವರೊಬ್ಬರು ಹೊರಗೆ ಬಂದು, ಕಣ್ಣು ಒರೆಸಿಕೊಂಡು, "ಗುಡ್ಡದ ಹೂವಿನ ವಾಸನೆ" ಎಂದರು. ಹೆಂಗಸೊಬ್ಬರಿಗೆ ಅಜ್ಜಿ ನೆನಪಾಗಿದ್ದಳು.

ಹಾಲವ್ವ ಒಳಗೆ ನುಗ್ಗಿ ಮೂಸಿದಳು. ಮರಿಯ ಮೂತಿಯನ್ನೂ ಹಚ್ಚಿದಳು. ಮರಿ ಸೀನಿತು.

"ತಂಗಿ, ಇದು ಸೋಪಿನ ಪುಡಿ ವಾಸನಿ. ಏನ್ ಮಾಡೀದಿ ನನ್ನ ಕಂಬಳಿಗೆ?"

"ಖರೇನ ಹೇಳ್ತೀನಿ ಆಯೀ, ಬರೂವಾಗನ ಹೀಂಗ ಬಂದಿತ್ತು. ಕೇಳಿದ್ರ ನಿಮಗ ಕೆಟ್ಟ ಅನಿಸ್ತದಂತ ಸುಮ್ಮನಿದ್ದೆ," ಎಂದಳು ಪ್ರಾಜಕ್ತಾ.

ಇಬ್ಬರೂ ತಿರುಗಿ ನೋಡಿದರು. ಬೀರದೇವ ತಲೆಯೆತ್ತಿ ಫ್ಯಾನು ಎಣಿಸುತ್ತಿದ್ದ. ಅಲ್ಲಿದ್ದದ್ದು ಒಂದೇ ಫ್ಯಾನು.

"ನಾಕು ಮಂದಿ ಮೂಗು ಹಚ್ಚೂದು," ಎಂದ ಕೊನೆಗೆ. "ಮನಿ ಮರ್ಯಾದಿ ಪ್ರಶ್ನೆ. ಕೆರಿಗೆ ಒಯ್ದು ತೊಳದೆ. ಗುಲಾಬಿ ವಾಸನೀದು, ಎರಡು ಪಾಕೀಟು."

ಹಾಲವ್ವ ಗಂಡನಿಗೆ ಕೊಡುವ ಬಹುವಚನ ಮಾತ್ರ ಬಿಡಲಿಲ್ಲ. "ಲಗ್ನ ಆದಾಗಿಂದ ಒಂದು ದಿನ ನಿಮ್ಮ ಧೋತರಾ ನೀವು ತೊಳಕೊಂಡವರಲ್ರಿ. ಇದೊಂದು ಕಂಡಿತೇನ್ರಿ ನಿಮಗ?"

ಕಂಬಳಿ ಊರಿಗೆ ಬಂದಿದೆ. ಬೀರದೇವ ದಿನಾ ಹಾಲಿನ ಕುರಿಯ ಹಿಂಗಾಲು ಹಿಡಿದು ಮರಿಗೆ ಕುಡಿಸುತ್ತಾನೆ. ಕುರಿ ಮರಿಯನ್ನು ಬಿಟ್ಟು ಅವನನ್ನು ಒದೆಯುತ್ತದೆ. ಹಾಲವ್ವ ಎದುರಿಗೆ ಕೂತು ಎಲೆ ಅಡಿಕೆ ಹಾಕಿಕೊಂಡು ನೋಡುತ್ತಾಳೆ. ಹಟ್ಟಿಯವರು, ಪ್ರಾಜಕ್ತಾ ಕೂಡ, ಪಾಳಿಯ ಮೇಲೆ ಕಂಬಳಿ ಹೊದ್ದು ಕುರಿಗಳ ನಡುವೆ ಮಲಗುತ್ತಿದ್ದಾರೆ. ಗುಲಾಬಿ ಇನ್ನೂ ಸೋತಿಲ್ಲ. ದಂಡೆಗೆ ಇಳಿಯುವ ದಿನ ಹತ್ತಿರ ಬಂತು, ದಾರಿಯುದ್ದಕ್ಕೂ ಕುರಿಯ ಕಾಲು ಹಿಡಿದು ನಡೆಯಲಿಕ್ಕಾಗುವುದಿಲ್ಲ.

ಸಾಂಗಲಿಯಲ್ಲಿ ಮೂಸಿ ಕಣ್ಣು ಒರೆಸಿಕೊಂಡವರೇ, ಅಲ್ಲಿಗೂ ಹೋಗದೆ ಇಲ್ಲಿ ಕೂತು ನಗುತ್ತಿರುವವರೇ, ಮೂಸಿದ್ದು ಸಾಕು, ಈಗ ನಾತ ಕೊಡಿ. ಹೊಲದಲ್ಲಿ ದುಡಿದು ಬೆವರಿ, ಮೈ ತೊಳೆಯದೆ ಕುಣಿಕೋಣೂರಿಗೆ ಬಂದು ಆ ಕಂಬಳಿ ಹೊದ್ದು ಹಟ್ಟಿಯಲ್ಲಿ ಮಲಗಿ. ಯಾವಾಗ ಬರುತ್ತೀರಿ, ಹೇಳಿ.