ಅರ್ಧ ಲೋಟ ಗಂಜಿ

ನಮ್ಮ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಈಗ ತಿಥಿ, ನಕ್ಷತ್ರ, ರಾಹುಕಾಲ ಒಂದೂ ಕಾಣುವುದಿಲ್ಲ. ಅವುಗಳ ಮೇಲೆಲ್ಲ ನಾನೇ ಪೆನ್ನಿನಲ್ಲಿ ದಪ್ಪಗೆ ಬರೆದಿಟ್ಟಿದ್ದೇನೆ: ಬೆ, ಮ, ರಾ. ಬೆ ಎಂದರೆ ಬೆಳಗಿನ ಡ್ಯೂಟಿ, ಮ ಎಂದರೆ ಮಧ್ಯಾಹ್ನದ್ದು, ರಾ ಎಂದರೆ ರಾತ್ರಿಯದು. ಅಮಾವಾಸ್ಯೆ ಯಾವತ್ತು ಎಂದು ಪಕ್ಕದ ಮನೆಯವರು ಕೇಳಿದರೆ, "ಸಿಂಚನಂಗೆ ಮಧ್ಯಾಹ್ನದ ಡ್ಯೂಟಿ ಐತಲ್ಲ, ಅವತ್ತು" ಎಂದು ಹೇಳಿ ನಗೆಪಾಟಲಿಗೆ ಈಡಾಗಿದ್ದೇನೆ.

ಮಕ್ಕಳೇ, ನಿಮ್ಮೆಲ್ಲರಲ್ಲಿ ಸಿಂಚನ ದೊಡ್ಡವಳು. ನಾನೀಗ ಬರೆಯುವುದು ಅವಳಿಗೆ ಗೊತ್ತಿರುವ ವಿಷಯ. ಉಳಿದ ಮೊಮ್ಮಕ್ಕಳಿಗೂ ತಿಳಿದಿರಲಿ ಎಂದು ಬರೆಯುತ್ತಿದ್ದೇನೆ. ಬಾಯಿಂದ ಹೇಳುವುದು ನನ್ನಿಂದ ಆಗುವ ಕೆಲಸವಲ್ಲ. ಕಣಕಟ್ಟೆಯ ಶಾಲೆಯಲ್ಲಿ ಏಳನೇ ತರಗತಿಯವರೆಗೆ ಓದಿದೆ. ಮೇಷ್ಟ್ರು ಹಾಜರಿ ಕರೆದಾಗ ನಾನು ಓಗೊಟ್ಟಿದ್ದು ಅವರ ಮೇಜಿನವರೆಗೆ ಹೋಗುತ್ತಲೇ ಇರಲಿಲ್ಲ. ಎದುರಿಗೇ ಕೂತಿದ್ದು ಎಷ್ಟೋ ದಿನ ಗೈರುಹಾಜರಾಗಿದ್ದೇನೆ. ಮದುವೆಯಾಗಿ ಮಾದಿಹಳ್ಳಿಗೆ ಬಂದ ಮೇಲೆ ನನ್ನ ಪರವಾಗಿ ಮಾತಾಡುವ ಕೆಲಸವನ್ನು ನಿಮ್ಮ ತಾತ ವಹಿಸಿಕೊಂಡರು. ಅವರು ಹೋದ ಮೇಲೆ ಆ ಜಾಗ ಖಾಲಿ ಉಳಿದಿದೆ.

ಸಿಂಚನ ಅರಸೀಕೆರೆಯಲ್ಲಿ ನರ್ಸಿಂಗ್ ಓದುತ್ತಿದ್ದಾಳೆ, ಎರಡನೇ ವರ್ಷ. ಆ ಓದು ಅರ್ಧ ಪುಸ್ತಕದಲ್ಲಿ, ಅರ್ಧ ಆಸ್ಪತ್ರೆಯಲ್ಲಿ. ಹುಡುಗಿಯರನ್ನು ಆಸ್ಪತ್ರೆಗೆ ಕಳಿಸುವುದಕ್ಕೆ ಪೋಸ್ಟಿಂಗ್ ಎನ್ನುತ್ತಾರೆ. ಯಾವ ಊರು, ಯಾವ ವಾರ್ಡು, ಯಾವ ಹೊತ್ತು ಎಂದು ಅವರನ್ನು ಯಾರೂ ಕೇಳುವುದಿಲ್ಲ. ಪಟ್ಟಿ ಅಂಟಿಸುತ್ತಾರೆ, ಇವರು ಹೋಗುತ್ತಾರೆ. ಈ ಸಲ ಅವಳ ತಂಡಕ್ಕೆ ಬೇಲೂರಿನ ಒಂದು ಆಸ್ಪತ್ರೆ ಬಂತು, ಆರು ವಾರಕ್ಕೆ. ಜೊತೆಯ ಹುಡುಗಿಯರು ಅಲ್ಲೇ ಒಂದು ರೂಮು ಹಿಡಿದರು. ನಮ್ಮದು ಹತ್ತಿರದ ಊರಾದ್ದರಿಂದ ಸಿಂಚನ ಮನೆಯಿಂದಲೇ ಬಸ್ಸಿನಲ್ಲಿ ಓಡಾಡತೊಡಗಿದಳು. ಕ್ಯಾಲೆಂಡರು ಹಾಳಾದದ್ದು ಹೀಗೆ.

ನಮ್ಮ ಹಸುವಿಗೆ ಹಿಂಡಿ ಇಡುವ ಹೊತ್ತು ಎರಡು ದಿನ ಏರುಪೇರಾದರೆ ಹಾಲು ಇಳಿದುಹೋಗುತ್ತದೆ. ಯಾಕಮ್ಮ ಹೀಗೆ ಎಂದು ಡೈರಿಯವನು ಕೇಳುತ್ತಾನೆ. ಈ ಹುಡುಗಿಯರ ಹೊತ್ತು ವಾರಕ್ಕೊಂದು ಸಲ ಬುಡಮೇಲಾಗುತ್ತದೆ, ಕೇಳುವವರಿಲ್ಲ. ಬೆಳಗಿನ ಡ್ಯೂಟಿಯ ವಾರದಲ್ಲಿ ಸಿಂಚನ ತಿಂಡಿಯ ಡಬ್ಬಿಯನ್ನು ಬಸ್ಸಿನಲ್ಲಿ ತೆರೆಯುತ್ತಿದ್ದಳು, ಅರ್ಧ ತಿಂದು ಮುಚ್ಚುತ್ತಿದ್ದಳು. ರಾತ್ರಿ ಡ್ಯೂಟಿಯ ವಾರದಲ್ಲಿ ಹಗಲೆಲ್ಲ ಕಣ್ಣು ಮುಚ್ಚಿ ಮಲಗಿರುತ್ತಿದ್ದಳೇ ಹೊರತು ನಿದ್ದೆ ಮಾಡುತ್ತಿರಲಿಲ್ಲ. ಒಗ್ಗರಣೆ ಚಟಪಟ ಎಂದರೂ ಎದ್ದು ಕೂರುತ್ತಿದ್ದಳು. ನಾನು ಆ ವಾರ ಪೂರ್ತಿ ಒಗ್ಗರಣೆಯಿಲ್ಲದ ಸಾರು ಮಾಡಿದೆ. ಮಗ, ಸೊಸೆ ಇಬ್ಬರೂ ಮಾತಾಡದೆ ಉಂಡರು.

ಆದರೂ ಮೊದಮೊದಲು ಅವಳಿಗೊಂದು ಹುರುಪಿತ್ತು. ದಿಂಬಿನ ಕವರಿನ ತೆರೆದ ಬಾಯಿ ಬಾಗಿಲ ಕಡೆಗೆ ಇರಬಾರದಂತೆ, ವಾರ್ಡಿನಲ್ಲಿ ಹಾಗೆ ಕಲಿಸುತ್ತಾರಂತೆ. ಬಂದವಳೇ ಮನೆಯ ದಿಂಬುಗಳನ್ನೆಲ್ಲ ತಿರುಗಿಸಿ ಇಟ್ಟಳು. ನನ್ನ ಹಾಸಿಗೆಯ ಹೊದಿಕೆಯನ್ನು ಮೂಲೆ ಮಡಿಸಿ ಎಷ್ಟು ಬಿಗಿಯಾಗಿ ಸಿಕ್ಕಿಸಿದಳೆಂದರೆ ಒಳಗೆ ಕಾಲು ತೂರಿಸಲು ನನಗೆ ಇನ್ನೊಬ್ಬರ ಸಹಾಯ ಬೇಕಾಯಿತು.

ಹಳೇಬೀಡಿನ ಗುಡಿಗೆ ನಾನು ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ. ಮನೆಗೆ ಬಂದ ನೆಂಟರನ್ನು ಬೇರೆಲ್ಲಿಗೆ ಕರೆದುಕೊಂಡು ಹೋಗುವುದು? ಆ ಗೋಡೆಯ ಮೇಲೆ ಕುಣಿಯುವವಳಿದ್ದಾಳೆ, ಮದ್ದಳೆ ಬಾರಿಸುವವಳಿದ್ದಾಳೆ, ಮೈತುಂಬ ಒಡವೆ ಹಾಕಿಕೊಂಡು ಸುಮ್ಮನೆ ನಿಂತವಳೂ ಇದ್ದಾಳೆ. ಹಾಸಿಗೆ ಹಿಡಿದವರ ಪಕ್ಕ ನಿಂತ ಹೆಣ್ಣು ಮಾತ್ರ ನನ್ನ ಕಣ್ಣಿಗೆ ಬಿದ್ದಿಲ್ಲ. ಬಾಣ ಬಿಡುವವರ ಸಾಲು ಅಷ್ಟುದ್ದ ಇದೆಯಲ್ಲ, ಬಾಣ ತಗುಲಿದವರನ್ನು ಯಾರೋ ನೋಡಿಕೊಂಡಿರಲೇಬೇಕು. ಪಾಪ, ಶಿಲ್ಪಿ ಬಂದ ದಿನ ಅವಳಿಗೆ ಡ್ಯೂಟಿ ಇತ್ತೇನೋ.

ಮೂರನೇ ವಾರದಲ್ಲಿ ಒಂದು ಗುರುವಾರ ಸಿಂಚನ ಮನೆಗೆ ಬಂದವಳು ಶೂ ಕೂಡ ಬಿಚ್ಚದೆ ಮಲಗಿಬಿಟ್ಟಳು. ದಿಂಬಿನ ಬಾಯಿ ಬಾಗಿಲಿಗೇ ಇತ್ತು. ಅವಳು ತಿರುಗಿಸಲಿಲ್ಲ. ಶುಕ್ರವಾರ, ಶನಿವಾರ ಹೋಗಿಬಂದಳು. ಭಾನುವಾರ ನಾನು ಅವರೆಕಾಯಿ ಸುಲಿಯುತ್ತಾ ಕೂತಿದ್ದಾಗ ಬಂದು ಎದುರು ಕೂತು, "ಅಜ್ಜಿ, ನಾಳೆ ಹೋಗಿ, ಓದು ಬಿಡ್ತೀನಿ ಅಂತ ಹೇಳಿ ಬಂದ್ಬಿಡ್ತೀನಿ. ನಂಗಾಗಲ್ಲ" ಎಂದಳು.

ಆದದ್ದು ಇಷ್ಟು. ಹಗರೆ ಕಡೆಯ ಒಬ್ಬ ಮುದುಕರು ಹರ್ನಿಯಾ ಆಪರೇಷನ್ನಿಗೆ ಬಂದಿದ್ದರು. ಆಪರೇಷನ್ ಆಗುವವರೆಗೆ ರೋಗಿಯ ಬಾಯಿಗೆ ಏನೂ ಹಾಕುವಂತಿಲ್ಲ. ಅದನ್ನು ಮನೆಯವರಿಗೆ ತಿಳಿಸಿ ಕಾಯುವ ಕೆಲಸ ಸಿಂಚನಳದು. ಅವಳು ಹಾಸಿಗೆಗೆ ಬೋರ್ಡು ನೇತುಹಾಕಿದಳು. ಅವರ ಹೆಂಡತಿಗೆ ಬಿಡಿಸಿ ಹೇಳಿದಳು. ಆ ಹೆಂಗಸು ಬೆಳಿಗ್ಗೆ ಗಂಡನಿಗೆ ಒಂದು ಎಳನೀರು ಕುಡಿಸಿದಳು. ಡಾಕ್ಟರು ಆಪರೇಷನ್ನನ್ನು ಮುಂದಕ್ಕೆ ಹಾಕಿದರು. ವಾರ್ಡಿನ ಸಿಸ್ಟರು ಎಲ್ಲರೆದುರು ಸಿಂಚನಳನ್ನು ಬೈದರು, ಅವಳ ಕೆಲಸದ ಪುಸ್ತಕಕ್ಕೆ ಸಹಿ ಹಾಕಲು ಒಪ್ಪಲಿಲ್ಲ. ಇನ್ನು ಆ ವಾರ್ಡಿನ ಹನ್ನೆರಡು ದಿನವನ್ನು ಮತ್ತೆ ಮೊದಲಿಂದ ಮಾಡಬೇಕು. ಆರು ವಾರ ಮುಗಿದ ಮೇಲೆ ಜೊತೆಯವರೆಲ್ಲ ಅರಸೀಕೆರೆಗೆ ಹಿಂತಿರುಗುತ್ತಾರೆ, ಇವಳೊಬ್ಬಳು ಉಳಿಯುತ್ತಾಳೆ.

"ಆ ಮುದುಕಿಗೆ ಮೂರು ಸಲ ಹೇಳಿದ್ದೆ ಅಜ್ಜಿ. ಮೂರು ಸಲಾನೂ ತಲೆ ಆಡಿಸಿದ್ಲು. 'ನಿಮಗೆ ಯಾರೂ ಹೇಳಿಲ್ವೇನ್ರೀ' ಅಂತ ಸಿಸ್ಟರ್ ಕೇಳಿದ್ರೆ ನೆಲ ನೋಡ್ಕೊಂಡು ನಿಂತ್ಲು. 'ಹೇಳಿದ್ಲು' ಅಂತ ಒಂದೇ ಒಂದು ಮಾತು! ಅಷ್ಟೂ ಆಗಲಿಲ್ಲ ಅವಳಿಗೆ. ಇಂಥವರ ಬೆಡ್‌ಪ್ಯಾನ್ ತೆಗೀಬೇಕಾ ನಾನು?"

ನಾನು ಅವರೆಕಾಯಿಯ ಮೇಲೆ ಇನ್ನಷ್ಟು ಬಗ್ಗಿದೆ. ನೆಲ ನೋಡುವುದರಲ್ಲಿ ನನ್ನನ್ನು ಮೀರಿಸಿದವರು ಈ ತಾಲ್ಲೂಕಿನಲ್ಲಿಲ್ಲ.

ಸಿಂಚನ ಹುಟ್ಟುವ ಮೊದಲಿನ ಮಾತು. ನಿಮ್ಮ ತಾತನಿಗೆ ಪಿತ್ತಕೋಶದಲ್ಲಿ ಕಲ್ಲಾಗಿ ಅರಸೀಕೆರೆಯ ಒಂದು ಆಸ್ಪತ್ರೆಗೆ ಸೇರಿಸಿದ್ದೆವು. ಜ್ವರ, ನೋವು ಇಳಿಯಲಿ ಎಂದು ಎಂಟು ದಿನ ಇಟ್ಟುಕೊಂಡು, ಒಂಬತ್ತನೇ ದಿನ ಆಪರೇಷನ್ ಎಂದಿದ್ದರು. ಅಲ್ಲೂ ಇಂಥದೇ ಒಬ್ಬಳು ಕಲಿಯುವ ಹುಡುಗಿ ಇದ್ದಳು. ತೆಳ್ಳಗೆ, ಎರಡು ಜಡೆ ಮೇಲಕ್ಕೆ ಕಟ್ಟಿಕೊಂಡು, ಸದಾ ಓಡುನಡಿಗೆ. ಬಾಯಿಗೆ ಏನೂ ಹಾಕಬೇಡಿ ಅಮ್ಮ ಎಂದು ನನಗೂ ಹೇಳಿದ್ದಳು. ನಾನೂ ತಲೆ ಆಡಿಸಿದ್ದೆ. ಆದರೆ ಬೆಳಿಗ್ಗೆ ಅವರು ಹೊಟ್ಟೆ ಹಿಡಿದು ಕೂತಿದ್ದನ್ನು ನೋಡಲಾಗಲಿಲ್ಲ. ನಮ್ಮಲ್ಲಿ ಸಂತೆಗೆ ಹೊರಟವರನ್ನೂ ಬರಿಹೊಟ್ಟೆಯಲ್ಲಿ ಕಳಿಸುವುದಿಲ್ಲ. ಕತ್ತಿಯ ಕೆಳಗೆ ಹೋಗುವವರನ್ನು ಹೇಗೆ ಕಳಿಸುವುದು? ಫ್ಲಾಸ್ಕಿನಲ್ಲಿ ನನಗೆಂದು ತಂದಿದ್ದ ರಾಗಿ ಗಂಜಿಯಲ್ಲಿ ಅರ್ಧ ಲೋಟ ಕುಡಿಸಿದೆ. ಡಾಕ್ಟರು ಬಂದು ಏನಾದರೂ ತಗೊಂಡ್ರಾ ಎಂದು ಕೇಳಿದಾಗ ನಿಮ್ಮ ತಾತ, ಸುಳ್ಳು ಹೇಳಿ ಗೊತ್ತಿಲ್ಲದವರು, "ಗಂಜಿ ಕುಡಿದೆ ಸಾಮಿ, ಚೆನ್ನಾಗಿತ್ತು" ಎಂದರು.

ಬೈಗುಳವೆಲ್ಲ ಆ ಹುಡುಗಿಯ ತಲೆಗೆ ಬಂತು. ಅವಳು ಒಂದು ಸಲ ನನ್ನ ಕಡೆ ನೋಡಿದಳು. ನಾನು ಲೋಟವನ್ನು ಸೆರಗಿನೊಳಗೆ ಸರಿಸಿ ನೆಲ ನೋಡಿದೆ. ಮರುದಿನ ಅವಳ ಬದಲು ಬೇರೊಬ್ಬಳು ಬಂದಳು. ನಿಮ್ಮ ತಾತನಿಗೆ ಎರಡು ದಿನ ಬಿಟ್ಟು ಆಪರೇಷನ್ ಆಯಿತು, ಗುಣವೂ ಆಯಿತು, ಆಮೇಲೆ ಎಷ್ಟೋ ವರ್ಷ ಬದುಕಿದರು. ಆ ಹುಡುಗಿ ಏನಾದಳೋ ತಿಳಿಯದು.

ಅವತ್ತು ಮಧ್ಯಾಹ್ನ ಸಿಂಚನಳ ಯೂನಿಫಾರ್ಮ್ ಹಿಂಡುತ್ತಾ, ಬಕೆಟ್ಟಿಗೆ ಹೇಳುವ ಹಾಗೆ, ಇದನ್ನೆಲ್ಲ ಹೇಳಿಬಿಟ್ಟೆ. ಹೇಳಿದರೆ ಅವಳಿಗೆ ಸಮಾಧಾನವಾಗುತ್ತದೆ ಎಂದುಕೊಂಡಿದ್ದೆ.

"ಅವಳ ಹೆಸರೇನಜ್ಜಿ?"

"ಗೊತ್ತಿಲ್ಲ ಕಣೇ."

"ಎಷ್ಟು ದಿನ ನೋಡ್ಕೊಂಡಿದ್ಲು ತಾತನ್ನ?"

"ಒಂಬತ್ತು ದಿನ."

"ಒಂಬತ್ತು ದಿನ. ಹೆಸರೂ ಕೇಳಲಿಲ್ಲ."

ನನ್ನ ಕೈಯಿಂದ ಯೂನಿಫಾರ್ಮ್ ಕಿತ್ತುಕೊಂಡು ತಾನೇ ಹಿಂಡಿ ತಂತಿಗೆ ಹಾಕಿದಳು. ಗಟ್ಟಿಯಾಗಿ ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಸೋಮವಾರ ಬಿ.ಪಿ. ತೋರಿಸಬೇಕು ಎಂಬ ನೆಪ ಹೇಳಿ ಅವಳ ಜೊತೆ ಬೆಳಗಿನ ಬಸ್ಸು ಹತ್ತಿದೆ. ಬಸ್ಸಿನಲ್ಲಿ ಅವಳು ನನ್ನ ಪಕ್ಕ ಕೂರಲಿಲ್ಲ. ಬೇಲೂರಿನಲ್ಲಿ ಇಳಿದು ನನ್ನನ್ನು ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕೂರಿಸಿ ಒಳಗೆ ಹೋದಳು. ಬಿಡುತ್ತೇನೆ ಎಂದು ಹೇಳುವುದಕ್ಕೇ ಹೋಗಿದ್ದಾಳೆಂದು ನಾನು ಬಾಗಿಲನ್ನೇ ನೋಡುತ್ತಿದ್ದೆ. ಬೆಂಚಿನ ಆ ತುದಿಯಲ್ಲಿ ನನ್ನದೇ ವಯಸ್ಸಿನ ಒಬ್ಬಾಕೆ ಕೂತಿದ್ದಳು. ಕಾಲ ಬುಡದಲ್ಲಿ ಚೀಲ, ಚೀಲದಲ್ಲಿ ಎರಡು ಎಳನೀರು. ಕೇಳಬೇಕಾಗಿಯೇ ಇರಲಿಲ್ಲ.

ಅವಳೇ ಮಾತು ತೆಗೆದಳು. "ನಿಮ್ಮೋರು ಯಾರವ್ವ ಒಳಗಿರೋದು?"

"ಮೊಮ್ಮಗಳು. ನರ್ಸು ಕಲೀತಾವಳೆ." ಅಷ್ಟು ಹೇಳುವುದಕ್ಕೇ ನನಗೆ ಬೆವರು. "ನಿಮ್ಮ ಯಜಮಾನ್ರಿಗೆ ಎಳನೀರು ಕುಡಿಸಿದ್ದಕ್ಕೆ ಬೈಸ್ಕೊಂಡವಳು."

ಆಕೆಯ ಮುಖ ಇಳಿದುಹೋಯಿತು. "ಶಿವರಾತ್ರಿ ಉಪಾಸದಾಗೂ ಎಳನೀರು ನಡೀತದಲ್ಲವ್ವ. ಬಡಕೊಂಡು ಹೇಳಿತ್ತು ಆ ಮಗ. ನಂಗೇ ತಡೀನಿಲ್ಲ."

"ಅದನ್ನ ಸಿಸ್ಟರಿಗೆ ಒಂದ್ ಮಾತು ಹೇಳಬಾರದಿತ್ತಾ?"

"ಮತ್ತೆ ಆಪ್ರೇಸನ್ನೇ ಮಾಡಾಕಿಲ್ಲ ಅಂದುಬುಟ್ರೆ? ಭಯ ಆಯ್ತು ಕಣವ್ವ." ಚೀಲವನ್ನು ಕಾಲ ಹತ್ತಿರಕ್ಕೆ ಎಳೆದುಕೊಂಡು, "ನೀವಾಗಿದ್ರೆ ಹೇಳ್ತಿದ್ರಾ?" ಎಂದಳು.

ಸುಮ್ಮನೆ ಕೇಳಿದ ಮಾತು ಅದು. ನಾನು ಎದ್ದು ನಿಂತೆ. ಇಷ್ಟು ವರ್ಷ ಕುಗ್ಗಿಕೊಂಡು ಬದುಕಿದ್ದು ಸಾಕು, ಇವತ್ತು ಹೇಳಿಯೇ ಬಿಡುತ್ತೇನೆ, ಈಕೆಯ ಪರವಾಗಿ, ನನ್ನ ಪರವಾಗಿ, ಆ ಎರಡು ಜಡೆಯವಳ ಪರವಾಗಿ, ಎಂದು ಸೆರಗು ಸರಿಮಾಡಿಕೊಂಡು ಸಿಸ್ಟರ ಮೇಜಿನ ಮುಂದೆ ಹೋಗಿ ನಿಂತೆ. ಹೇಳಬೇಕಾದ ಮಾತನ್ನು ಆರು ಹೆಜ್ಜೆಯಲ್ಲಿ ಮೂರು ಸಲ ಬಾಯಿಪಾಠ ಮಾಡಿಕೊಂಡಿದ್ದೆ.

ಸಿಸ್ಟರು ತಲೆ ಎತ್ತಿ, "ಏನಜ್ಜಿ?" ಎಂದರು. ಕೆಟ್ಟ ಮುಖವೇನಲ್ಲ. ಅವರ ಕಣ್ಣ ಕೆಳಗೂ ಕಪ್ಪಾಗಿತ್ತು.

ನಾನು, "ಬಾತ್‌ರೂಮ್ ಎಲ್ಲೈತವ್ವ?" ಎಂದೆ.

"ಏ ಸ್ಟೂಡೆಂಟ್, ಈ ಅಜ್ಜೀನ ಕರ್ಕೊಂಡ್ಹೋಗು" ಎಂದು ಅವರು ಕೂಗಿದರು. ಬಂದವಳು ಸಿಂಚನ. ಅಲ್ಲಿ ಅವಳಿಗೂ ಹೆಸರಿರಲಿಲ್ಲ.

ನಾನು ಯಾರೆಂದು ಅವಳು ತೋರಿಸಿಕೊಳ್ಳಲಿಲ್ಲ. ನನ್ನ ಎಡಮೊಣಕಾಲು ನೋಯುವುದೆಂದು ತಿಳಿದಿದ್ದರಿಂದ ಎಡಗಡೆಗೆ ಬಂದು, ಮೊಣಕೈ ಕೆಳಗೆ ಕೈಕೊಟ್ಟು, ನನ್ನ ಹೆಜ್ಜೆಗೆ ತನ್ನ ಹೆಜ್ಜೆ ಸಣ್ಣ ಮಾಡಿ ನಡೆಸಿದಳು. ಮನೆಯಲ್ಲಿ ನನ್ನ ಕೈ ಹಿಡಿದು ಎಳೆದಾಡುವ ಹುಡುಗಿಯ ಕೈ ಅದಾಗಿರಲಿಲ್ಲ. ಇನ್ಯಾರದೋ ಕೈ, ಕೆಲಸ ಬಲ್ಲ ಕೈ. ಇಂಥ ಕೈಯನ್ನು ನಾನು ಒಂಬತ್ತು ದಿನ ನೋಡಿದ್ದೆ.

ಮೂಲೆ ತಿರುಗಿದ ಮೇಲೆ ಮೆಲ್ಲಗೆ ಕೇಳಿದಳು. "ಹೇಳಕ್ಕೆ ಹೋಗಿದ್ಯಾ?"

"ಹೂಂ."

"ಬರಲಿಲ್ವಾ?"

"ಬರಲಿಲ್ಲ ಕಣೇ."

ಅವಳು ಗೋಡೆಗೆ ಒರಗಿ ನಿಂತಳು. "ನಂಗೂ ಬರಲಿಲ್ಲ ಅಜ್ಜಿ. ಅವತ್ತು 'ನಾನು ಮೂರು ಸಲ ಹೇಳಿದ್ದೆ ಸಿಸ್ಟರ್' ಅಂತ ನಾನಾದ್ರೂ ಹೇಳ್ಬಹುದಿತ್ತಲ್ಲ? ನಾನೂ ನೆಲಾನೇ ನೋಡ್ದೆ. ಆ ಮುದುಕಿ ಒಂದು ಕಡೆ, ನಾನೊಂದು ಕಡೆ, ಇಬ್ರೂ ನೆಲ ನೋಡ್ತಾ ನಿಂತಿದ್ವಿ."

ಆಸ್ತಿಪಾಸ್ತಿ ಏನನ್ನೂ ಕೊಡಲಾಗದ ನಾನು ಮೊಮ್ಮಗಳಿಗೆ ಕೊಟ್ಟದ್ದು ನೆಲ ನೋಡುವ ಈ ಗುಣವೊಂದನ್ನು. ಅದೂ ಕೇಳದೆಯೇ ದಾಟಿ ಹೋಗಿದೆ. ಬಾತ್‌ರೂಮಿನ ಒಳಗೆ ಹೋಗಿ, ಹೋಗುವ ಕೆಲಸವೇನೂ ಇಲ್ಲದಿದ್ದರೂ, ಸ್ವಲ್ಪ ಹೊತ್ತು ನಿಂತು, ಮುಖ ತೊಳೆದುಕೊಂಡು ಬಂದೆ.

ಸಂಜೆ ಬಸ್ಸಿನಲ್ಲಿ ಅವಳು ನನ್ನ ಪಕ್ಕದಲ್ಲೇ ಕೂತಳು. ಕೇಳಲೋ ಬೇಡವೋ ಎಂದು ಹೆದರುತ್ತಲೇ ಕೇಳಿದೆ, "ಬಿಡ್ತೀನಿ ಅಂತ ಹೇಳಿದ್ಯೇನೇ?"

ಕಿಟಕಿಯ ಕಡೆ ಮುಖ ತಿರುಗಿಸಿದಳು. "ಎರಡು ಸಲ ಹೋಗಿ ನಿಂತೆ ಅವರ ಮುಂದೆ. 'ಏನು' ಅಂದ್ರು. 'ಬೆಡ್‌ಶೀಟ್ ಬದಲಾಯಿಸ್ಲಾ ಸಿಸ್ಟರ್' ಅಂದೆ."

ಹೀಗೆ ನಿಮ್ಮ ಅಕ್ಕ ನರ್ಸಿಂಗ್ ಓದಿನಲ್ಲಿ ಉಳಿದುಕೊಂಡಳು. ಧೈರ್ಯದಿಂದಲ್ಲ, ಸೇವೆ ಮಾಡುವ ಆಸೆಯಿಂದಲೂ ಅಲ್ಲ. ಬಿಡುತ್ತೇನೆ ಎನ್ನಲು ಬಾಯಿ ಬರದೆ. ಯಾವ ಗುಣದಿಂದ ಅವಳಿಗೆ ಅನ್ಯಾಯವಾಯಿತೋ ಅದೇ ಅವಳನ್ನು ಹಿಡಿದು ನಿಲ್ಲಿಸಿದೆ. ಇದಕ್ಕೆ ಸಂತೋಷಪಡಬೇಕೋ ಅಳಬೇಕೋ ನನಗೆ ಈ ಹೊತ್ತಿಗೂ ತಿಳಿದಿಲ್ಲ. ಸಹಿ ಸಿಗಲಿಲ್ಲ. ಜೊತೆಯವರು ಅರಸೀಕೆರೆಗೆ ಹೋದರು. ಅವಳು ಒಬ್ಬಳೇ ಹನ್ನೆರಡು ದಿನವನ್ನು ಮೊದಲಿಂದ ಮಾಡುತ್ತಿದ್ದಾಳೆ. ಈಗಲೂ ಎಷ್ಟೋ ದಿನ ಡಬ್ಬಿ ಅರ್ಧ ತುಂಬಿಯೇ ವಾಪಸು ಬರುತ್ತದೆ. ಹಗರೆಯ ಮುದುಕರಿಗೆ ಆಪರೇಷನ್ ಆಗಿ ಮನೆಗೆ ಹೋಗುವ ದಿನ ಅವರ ಹೆಂಡತಿ ಒಂದೂ ಮಾತಾಡದೆ ಇವಳ ಕೈಗೆ ಎಳನೀರು ಕೊಟ್ಟಳಂತೆ. "ಕುಡಿದ್ಯಾ?" ಎಂದೆ. "ಇನ್ನೇನ್ ಮಾಡ್ಲಿ ಅಜ್ಜಿ, ಬಾಯಾರಿತ್ತು" ಎಂದಳು. ನಿನ್ನೆ ನೋಡಿದರೆ ದಿಂಬುಗಳ ಬಾಯಿ ಮತ್ತೆ ಗೋಡೆಯ ಕಡೆಗೆ ತಿರುಗಿದೆ.

ಕ್ಯಾಲೆಂಡರಿನಲ್ಲಿ ಹನ್ನೆರಡು ದಿನದ ಬೆ, ಮ ಬರೆದಿದ್ದೇನೆ. ಎರಡು ಜಡೆಯವಳ ಹೆಸರು ಎಲ್ಲೂ ಬರೆಯಲಾಗದು, ನನಗೆ ಗೊತ್ತಿಲ್ಲ. ನೀವೆಲ್ಲ ನನ್ನ ಮೊಮ್ಮಕ್ಕಳು, ನಿಮ್ಮಲ್ಲೂ ಒಬ್ಬಿಬ್ಬರಿಗೆ ನನ್ನ ಬಾಯಿ ಬಂದಿರಬಹುದು. ಎಂದಾದರೂ ಆಸ್ಪತ್ರೆಯಲ್ಲಿ ಯಾರ ಪಕ್ಕದಲ್ಲಾದರೂ ಕೂರಬೇಕಾಗಿ ಬಂದರೆ, ಬಂದ ಹುಡುಗಿಯ ಹೆಸರು ಕೇಳಿ. ಮಾತು ಹೊರಡದಿದ್ದರೆ ಬಾತ್‌ರೂಮ್ ಎಲ್ಲಿದೆ ಎಂದಾದರೂ ಕೇಳಿ. ಕೈ ಹಿಡಿದು ಕರೆದುಕೊಂಡು ಹೋಗುತ್ತಾರೆ. ದಾರಿ ಸ್ವಲ್ಪ ಉದ್ದವಿರುತ್ತದೆ, ಅಷ್ಟರಲ್ಲಿ ಹೆಸರು ಕೇಳಬಹುದು.